ನಡುವೆ ನಿಂತ ತಟ್ಟೆ

ಪರಮಾಣುಗಳಿಗಷ್ಟೇ ಇದ್ದ ಸೆಳೆತ ಮನುಷ್ಯರಿಗೂ ಬಂದು, ಹತ್ತಿರದ ವಸ್ತುಗಳೆಲ್ಲ ಸೆಳೆತ ಹೆಚ್ಚಿದ್ದವರ ಕಡೆ ಜಾರತೊಡಗಿದ ಮೇಲೆ, ಹೆಣ್ಣು ನೋಡುವ ದಿನ ಜಾತಕಕ್ಕಿಂತ ತಟ್ಟೆ ಮುಖ್ಯವಾಯಿತು. ಹುಡುಗ ಹುಡುಗಿಯ ನಡುವೆ ಮೇಜಿನ ಮೇಲೆ ಕೇಸರಿಬಾತು ಇಡುತ್ತಾರೆ. ತಟ್ಟೆ ಯಾರ ಕಡೆ ಜಾರುತ್ತದೋ, ಮುಂದೆ ಮನೆಯಲ್ಲಿ ಅವರ ಮಾತೇ ನಡೆಯುತ್ತದೆ.

ವನಜಾಕ್ಷಿಯನ್ನು ನೋಡಲು ಬಂದ ನಾಲ್ವರು ಹಸಿದುಕೊಂಡೇ ಎದ್ದುಹೋಗಿದ್ದರು. ಐದನೆಯವನು ಚಂದ್ರಮೌಳಿ. ತಟ್ಟೆ ಇಟ್ಟ ಕೂಡಲೇ ಸರ್ರನೆ ವನಜಾಕ್ಷಿಯ ಕಡೆ ಹೊರಟಿತು. ಹಿಂದೆಯೇ ಅವನ ಕನ್ನಡಕ.

"ಹುಡುಗಿ ಎಳೆಯೋದು ಜಾಸ್ತಿ ಆಯ್ತು ಕಣ್ರೀ," ಎಂದಳು ಗೋಡೆಗೊರಗಿ ಕೂತಿದ್ದ ಅವನ ತಾಯಿ ಗೌರಕ್ಕ. ಮನೆಯವರೆಲ್ಲರ ಕಾಫಿ ಲೋಟಗಳೂ ಆಗಲೇ ಅವಳ ಮುಂದೆ ಬಂದು ಸಾಲಾಗಿ ನಿಂತಿದ್ದವು.

ಹುಡುಗಿಯ ಸೋದರತ್ತೆ ಸಾವಂತ್ರಮ್ಮ ಆ ಲೋಟಗಳನ್ನು ನೋಡಿದಳು. "ಬೀಗರೇ, ನೀವು ಹುಡುಗಿಯ ಎದುರಿಗೆ ಬನ್ನಿ. ಹುಡುಗ ಮಧ್ಯಕ್ಕೆ ಕೂರಲಿ."

"ಯಾವ ಬೀಗರು? ನಾವಿನ್ನೂ ಒಪ್ಪಿಲ್ಲ."

"ಕೂರೋಕೆ ಒಪ್ಪಿಗೆ ಯಾಕ್ರೀ? ಕೂತ್ಕೊಳ್ಳಿ."

ಗೌರಕ್ಕ ಎದುರಿಗೆ ಬಂದು ಕೂತಳು, ಚಂದ್ರಮೌಳಿ ಇಬ್ಬರ ಮಧ್ಯಕ್ಕೆ ಸರಿದ. ವನಜಾಕ್ಷಿಯ ಹತ್ತಿರ ಹೋಗಿದ್ದ ತಟ್ಟೆ ನಡುಗಿತು, ಹಿಂದಕ್ಕೆ ಜಾರಿತು, ಸರಿಯಾಗಿ ಚಂದ್ರಮೌಳಿಯ ಎದುರು ನಿಂತುಬಿಟ್ಟಿತು.

ಮೂವತ್ತೊಂದು ವರ್ಷ ತಾಯಿಯ ಕಡೆ ಓಡುವ ತಟ್ಟೆಯ ಹಿಂದೆ ಓಡಿ ಉಂಡವನು ಅವನು. ಈಗ ಕೂತಲ್ಲೇ ಬಿಸಿಬಿಸಿ ತುತ್ತು ಬಾಯಿಗಿಟ್ಟ. ಕಣ್ಣಲ್ಲಿ ನೀರು ಬಂತು.

"ನಿಧಾನವಾಗಿ ತಿನ್ನಿ, ತಟ್ಟೆ ಎಲ್ಲಿಗೂ ಹೋಗಲ್ಲ," ಎಂದು ವನಜಾಕ್ಷಿ ಕನ್ನಡಕ ಕೊಟ್ಟಳು.

"ಏನಂತೀಯೋ?" ಎಂದಳು ಗೌರಕ್ಕ, ಏಳುತ್ತಾ.

"ಅಮ್ಮಾ, ಏಳಬೇಡ! ವನಜಾಕ್ಷಿಯವರೂ ಏಳೋದು ಬೇಡ," ಎಂದ ಅವನು, ಬಾಯ್ತುಂಬ ಕೇಸರಿಬಾತು. "ಪುರೋಹಿತರನ್ನ ಇಲ್ಲಿಗೇ ಕರೆಸಿ."