ನಗುತ್ತಾ ನಿಂತವಳು

ಅಂಗನವಾಡಿಯ ತಕ್ಕಡಿ ಕೂಸಿನ ತೂಕದ ಜೊತೆ ತಾಯಿಯ ದುಃಖವನ್ನೂ ತೂಗುತ್ತಿತ್ತು. ಹೋದ ತಿಂಗಳು ಹುಲಿಗೆಮ್ಮ ಕೂಸನ್ನೆತ್ತಿಕೊಂಡು ಹತ್ತಿದಾಗ ದುಃಖ ಹೆಚ್ಚೆಂದು ಕೆಂಪು ದೀಪ ಬಂದಿದ್ದರಿಂದ, ದಿನಾ ಮಧ್ಯಾಹ್ನ ಅಂಗನವಾಡಿಯಿಂದ ಒಬ್ಬ ಅಕ್ಕ ಮನೆಗೆ ಬಂದು ಅವಳ ಮಾತು ಕೇಳುತ್ತಾ ಕೂರುತ್ತಿದ್ದಳು. ಆ ಅಕ್ಕನ ಎದುರು ಮಾತ್ರ ಅತ್ತೆ ಸೊಸೆಗೆ ಬಿಸಿರೊಟ್ಟಿ ಬಡಿಸುತ್ತಿದ್ದಳು.

"ಊರ ಮುಂದ ಮನಿ ಮಾನ ಕಳದಿ. ಈ ಸಲ ನಕ್ಕೋತ ನಿಲ್ಲು," ಎಂದು ಅತ್ತೆ ತಿಂಗಳಿಡೀ ತಿವಿದಿದ್ದಳು. ಹುಲಿಗೆಮ್ಮನೂ ರೊಟ್ಟಿ ಬಡಿಯುತ್ತಾ, "ನಾ ಆರಾಮ ಅದೀನಿ" ಎಂದು ತನಗೇ ನಂಬಿಕೆ ಬರುವವರೆಗೆ ಹೇಳಿಕೊಂಡಿದ್ದಳು.

ಇವತ್ತು ಹಸಿರು ದೀಪ ಹತ್ತಿತು.

"ಕೂಸಿನ ತೂಕಾನೂ ತುಸು ಏರೈತಿ. ಇನ್ನ ಅಕ್ಕ ಬರೂದಿಲ್ಲವ್ವ," ಎಂದಳು ಕಾರ್ಯಕರ್ತೆ.

"ಹಂಗಾರ ನಾಳಿಂದ ಈಕಿಗೆ ತಂಗಳ ನಡೀತೈತಿ," ಎಂದಳು ಪಕ್ಕದಲ್ಲೇ ನಿಂತಿದ್ದ ಅತ್ತೆ.

ಹುಲಿಗೆಮ್ಮ ತಕ್ಕಡಿಯ ಮೇಲೆ ನಗುತ್ತಲೇ ನಿಂತಿದ್ದಳು. ದೀಪ ಹಸಿರಾಗಿಯೇ ಉರಿಯಿತು.