ಬಿಳಿ ಮೂಗುಪಟ್ಟಿ

ಕುದುರೆಯ ನಡಿಗೆಯ ಅಂದಕ್ಕೆ ಅಂಕ ಕೊಡುವ ಡ್ರೆಸಾಜ್ ಸ್ಪರ್ಧೆಗೆ ಹತ್ತೇ ನಿಮಿಷವಿದ್ದಾಗ ಮಾವ ಕರಿ ಮೂಗುಪಟ್ಟಿ ಚಾಚಿದರು. ಸವಾರಿಗೆ ಸಜ್ಜಾಗಿದ್ದ ಸೊಸೆ ಕೈ ನೀಡಲಿಲ್ಲ. ಕರಿ ಕುದುರೆಗೆ ಬಿಳಿಯದೇ ಕಟ್ಟಬೇಕು, ಅದರ ತಲೆ ಅಲುಗದಿರುವುದು ತೀರ್ಪುಗಾರರ ಕಣ್ಣಿಗೆ ಬೀಳಬೇಕು ಎಂದು ಆರು ವರ್ಷ ಅವಳ ತಲೆ ತಿಂದವರು ಇದೇ ಮಾವ.

"ಬಿಳಿದು ಎಲ್ಲಿ ಮಾವ?"

"ಒಗೆದಿಲ್ಲಮ್ಮ. ಇವತ್ತೊಂದಿನ ಕರಿದೇ ಇರಲಿ, ಕುದುರೆ ಹತ್ತು."

ಬಿಳಿಯದು ಅವರ ಜೇಬಿನಿಂದಲೇ ಇಣುಕುತ್ತಿತ್ತು. ಅವಳು ಅದನ್ನು ಎಳೆದು ಕುದುರೆಯ ಮೂಗಿಗೆ ಬಿಗಿದಳು. "ಸ್ವಲ್ಪ ಓಡಿಸಿ ನೋಡೋಣ."

ಮಾವ ಲಗಾಮು ಹಿಡಿದು ಓಡಿದರು. ಬಲ ಮುಂಗಾಲು ನೆಲಕ್ಕೆ ತಾಗಿದಾಗಲೆಲ್ಲ ಕುದುರೆಯ ತಲೆಯೊಂದಿಗೆ ಬಿಳಿ ಪಟ್ಟಿ ಮೇಲಕ್ಕೆ ಚಿಮ್ಮಿತು.

"ಇವನ ಕಾಲಲ್ಲಿ ಒಂಚೂರು ನೋವಷ್ಟೇ," ಎಂದರು ಮಾವ, ಏದುಸಿರು ಬಿಡುತ್ತ. "ಕರಿದು ಹಾಕಿದ್ರೆ ಯಾರಿಗೂ ಗೊತ್ತಾಗಲ್ಲ."

"ಇವನಿಗೆ ಗೊತ್ತಾಗುತ್ತಲ್ಲ ಮಾವ," ಎನ್ನುತ್ತ ಅವಳು ಕುದುರೆಯ ಬೆನ್ನಿನಿಂದ ಜೀನು ಇಳಿಸಿದಳು.