ಟ್ಯಾಕ್ಲರ್ ಅಂದರೆ ಯಾರು

“ಟ್ಯಾಕ್ಲರ್ ಅಂದ್ರೆ ಏನು ಕೆಲಸ ಅಜ್ಜಿ?” ಎಂದು ಕೀತ್ ಕೇಳಿದ. ತಾತ ಆರ್ನಲ್ಡನ ಮದುವೆ ಪತ್ರದಲ್ಲಿ ಉದ್ಯೋಗದ ಎದುರು ಆ ಪದವಿತ್ತು. ವಂಶವೃಕ್ಷ ಬರೆಯುವ ಹುಚ್ಚು ಹತ್ತಿದ್ದ ಕೀತ್, ತಾತನ ಕೈಕೆಳಗೆ ಇಂಗ್ಲೆಂಡಿನ ಬರ್ನ್‌ಲಿಯ ಬಟ್ಟೆ ಮಿಲ್ಲಿನಲ್ಲಿ ನೇಯ್ದಿದ್ದ ಮೇವಿಸ್, ಕ್ಲಾರಿಸ್ ಎಂಬ ಮುದಿ ಅಕ್ಕತಂಗಿಯರನ್ನು ಚಹಾಕ್ಕೆ ಕರೆದಿದ್ದ.

“ಕೆಟ್ಟ ಮಗ್ಗ ರಿಪೇರಿ ಮಾಡೋನು ಕಣಪ್ಪ,” ಅಂದಳು ಮೇವಿಸ್. “ನಮಗೆ ನೇಯ್ದಷ್ಟಕ್ಕೇ ಕೂಲಿ. ಮಗ್ಗ ನಿಂತ್ರೆ ಒಲೆ ನಿಂತ ಹಾಗೆ. ಅವನು ಬಂದು ಕೈಯಿಟ್ರೇನೇ ಓಡೋದು.”

ಕೀತ್ ಎದ್ದು ನಿಂತು, ಎದೆಯುಬ್ಬಿಸಿ, ಕೈಯಲ್ಲಿಲ್ಲದ ಸ್ಪ್ಯಾನರ್ ತಿರುಗಿಸಿ, ಕಾಣದ ಮೀಸೆಯನ್ನೂ ಒಮ್ಮೆ ತೀಡಿ ತಾತನೇ ಆಗಿಬಿಟ್ಟ. ತನಗೆ ಹುಟ್ಟಲಿರುವ ಮಗು ಗಂಡಾದರೆ ಆರ್ನಲ್ಡ್ ಎಂದೇ ಹೆಸರು ಎಂದು ಸಾರಿದ.

ಎದುರು ಕುರ್ಚಿಯಲ್ಲಿ ಕ್ಲಾರಿಸಳ ತುಟಿ ಆಡಿತು, ಸದ್ದಿಲ್ಲ. ನೂರಾರು ಮಗ್ಗಗಳ ಖಟಖಟದಲ್ಲಿ ಕೂಗಿದರೂ ಕೇಳದೆ, ಬಾಯಿ ಅಗಲಿಸಿ, ಹುಬ್ಬು ಹಾರಿಸಿ ಮಾತಾಡಲು ಕಲಿತವರು ಅವರು. ಮಿಲ್ಲು ಮುಚ್ಚಿದರೂ ಆ ಮಾತು ಮುಚ್ಚಿರಲಿಲ್ಲ.

“ಆ ಕೊಳಕನ ಹೆಸರಾ ಕೂಸಿಗೆ?”

“ಸುಮ್ನಿರೇ,” ಅಂದವು ಮೇವಿಸಳ ತುಟಿಗಳು. “ತಾತ ಅಂತ ಕುಣೀತಿದ್ದಾನೆ, ಕುಣೀಲಿ.”

“ರಿಪೇರಿಗೆ ಏನು ಕೇಳ್ತಿದ್ದ ಅಂತಾನೂ ಹೇಳಿಬಿಡು. ನೂಲಿನ ಕೋಣೆಗೆ ಅವನ ಹಿಂದೆ ಹೋಗದ ಹುಡುಗಿಯ ಮಗ್ಗ ವಾರಗಟ್ಟಲೆ ಸತ್ತು ಬಿದ್ದಿರ್ತಿತ್ತು.”

“ಪಾಪ, ಆ ಹುಡುಗೀರು,” ಅಂದಳು ಮೇವಿಸ್, ಅದೂ ತುಟಿಯಲ್ಲೇ.

ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು ಕೀತನ ಬಸುರಿ ಹೆಂಡತಿ ಗೇನರ್. ಹುಟ್ಟಾ ಕಿವುಡಿ, ಜನರ ತುಟಿ ಓದಿಯೇ ಬೆಳೆದವಳು. ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಕಪ್ಪುಗಳು ಉರುಳಿದವು.

“ಆ ಹೆಸರು ನನ್ನ ಮಗೂಗೆ ಬೇಡ,” ಅಂದಳು ಗಂಡನಿಗೆ.

“ನಮ್ಮ ತಾತ ಕಣೇ! ಇವರು ಹೇಳಿದ್ದು ನಿನಗೆ ಕೇಳಿಸ್ಲಿಲ್ವಾ?”

“ನನಗೆ ಕೇಳಿಸ್ತು. ನಿನಗೇ ಕೇಳಿಸ್ಲಿಲ್ಲ.”

ಚೆಲ್ಲಿದ ಚಹಾ ಕಾರ್ಪೆಟ್ಟಿಗೆ ಇಳಿಯುತ್ತಿತ್ತು. ಕೀತ್ ಗೊಣಗುತ್ತಾ ಬಟ್ಟೆ ತರಲು ಒಳಗೆ ಹೋದ. ಗೇನರ್ ಮುದುಕಿಯರತ್ತ ತಿರುಗಿ, ಅವರದೇ ರೀತಿಯಲ್ಲಿ, ದನಿಯಿಲ್ಲದೆ ಬಾಯಿ ಅಗಲಿಸಿ ಕೇಳಿದಳು: “ಆ ಕೋಣೆಗೆ ಹೋದದ್ದು ನಿಮ್ಮಿಬ್ಬರಲ್ಲಿ ಯಾರು?”

ಇಬ್ಬರ ಕೈಯೂ ಮಡಿಲಿನಿಂದ ಮೆಲ್ಲಗೆ ಮೇಲೆದ್ದಿತು. ಆಮೇಲೆ ಅಕ್ಕ ತಂಗಿಯ ಕೈ ನೋಡಿದಳು. ತಂಗಿ ಅಕ್ಕನ ಕೈ ನೋಡಿದಳು.